ಊಟ ಬಲ್ಲವಳ ಗಂಗಾಳ

ಬಳ್ಳಾರಿಯ ಒಂದು ಖಾಸಗಿ ದವಾಖಾನೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ರೂಪನಗುಡಿ ಕಡೆಯಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ಇದ್ದಳು. ವಯಸ್ಸು ನಲವತ್ತರ ಆಸುಪಾಸು, ಮೈತುಂಬಿದ ದೇಹ. ಮಂಡಿನೋವೆಂದು ತೋರಿಸಲು ಬಂದಿದ್ದವಳಿಗೆ ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀಯ, ರಕ್ತವೂ ಕಡಿಮೆ ಇದೆ, ಮೊದಲು ತೂಕ ಇಳಿಸು ಎಂದು ಹೇಳಿ ಒಂದು ಅಚ್ಚಾದ ಹಾಳೆ ಕೊಟ್ಟು ಕಳಿಸಿದ್ದರು. ಹಾಳೆ ಇಂಗ್ಲಿಷಿನಲ್ಲಿತ್ತು. ಓದಿ ಹೇಳಿರೆಂದು ನನ್ನ ಕೈಗಿಟ್ಟಳು.

ಮುಂಜಾನೆ ಗ್ರೀನ್ ಟೀ, ನಾಲ್ಕು ಬಾದಾಮಿ. ನಾಷ್ಟಾಕ್ಕೆ ಓಟ್ಸ್. ಹನ್ನೊಂದಕ್ಕೆ ಸೇಬು. ಮಧ್ಯಾಹ್ನ ಎರಡು ಫುಲ್ಕಾ, ಬೇಯಿಸಿದ ಬ್ರೊಕೊಲಿ. ಸಂಜೆ ಮೊಳಕೆಕಾಳು. ರಾತ್ರಿ ಸೂಪು ಮತ್ತು ಸಲಾಡು. ಅನ್ನ, ಎಣ್ಣೆ, ಸಿಹಿ ಇವುಗಳ ಮುಂದೆ ತಪ್ಪಿನ ಗುರುತು. ಕೊನೆಗೆ ದಪ್ಪಕ್ಷರದಲ್ಲಿ 1,200 ಕ್ಯಾಲರಿ. ಎಲ್ಲ ಕೇಳಿದ ಮೇಲೆ ಆಕೆ, 'ಇದ್ರಾಗ ನಮ್ಮನ್ಯಾಗ ಮಾಡೋದು ಒಂದಾರ ಐತೇನ್ ನೋಡ್ರಿ ಯಕ್ಕಾ' ಎಂದಳು. ಮೊಳಕೆಕಾಳು ಇದೆಯಲ್ಲ ಎಂದೆ. ಆಕೆ ನಕ್ಕು, 'ಎಲ್ಲಾರಿಗೂ ಅನ್ನ ಇಟ್ಟು ನಾ ಒಬ್ಬಾಕಿ ಕಾಳು ಮಾಡ್ಕೊಂಡು ಕುಂತು ತಿಂದ್ರ ಮನ್ಯಾಗ ಏನಂತಾರ?' ಎಂದು ಕೇಳಿದಳು.

ಆ ಹಾಳೆಯನ್ನು ನಾನು ಒಂದು ಕೃತಿಯ ಹಾಗೆ ಓದಬೇಕೆಂದುಕೊಂಡದ್ದು ಈ ಪ್ರಶ್ನೆಯಿಂದ. ಅದು ಆ ವೈದ್ಯರೊಬ್ಬರ ಬರವಣಿಗೆಯಲ್ಲ. ನಮ್ಮ ಪತ್ರಿಕೆಗಳ ಭಾನುವಾರದ ಪುರವಣಿಗಳಲ್ಲಿ, ಮಹಿಳಾ ಅಂಕಣಗಳಲ್ಲಿ, ಟೀವಿಯ ಬೆಳಗಿನ ಕಾರ್ಯಕ್ರಮಗಳಲ್ಲಿ ವರ್ಷಗಳಿಂದ ಬರುತ್ತಿರುವ 'ದಪ್ಪಗಿರುವ ಮಹಿಳೆಯರಿಗೆ ಆಹಾರ ಸಲಹೆ' ಎಂಬ ಒಂದು ಪ್ರಕಾರವೇ ಇದೆ. ಹಾಳೆ ಅದರ ಸಂಕ್ಷಿಪ್ತ ರೂಪ. ಕತೆ, ಕಾದಂಬರಿಗಳಿಗಿಂತ ಹೆಚ್ಚು ಜನ ಓದುವ ಈ ಪ್ರಕಾರಕ್ಕೆ ನಮ್ಮಲ್ಲಿ ವಿಮರ್ಶೆ ಹುಟ್ಟಿಲ್ಲ. ಓದಿದವರು ಒಂದೋ ಪಾಲಿಸುತ್ತಾರೆ, ಇಲ್ಲವೇ ಪಾಲಿಸಲಾಗದೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ಬರಹವೇ ತಪ್ಪಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಈ ಬರಹಗಳಲ್ಲಿ ಕಾಣುವ ಹೆಂಗಸು ಒಂಟಿ. ಆಕೆಗೆ ಗಂಡ, ಮಕ್ಕಳು, ಅತ್ತೆ, ಕೂಲಿ, ಕಟ್ಟಿಗೆ, ಸಂತೆಯ ದರ ಏನೂ ಇಲ್ಲ. ಇರುವುದು ಒಂದು ದೇಹ ಮತ್ತು ಒಂದು ಮನಸ್ಸು. ಮನಸ್ಸು ಗಟ್ಟಿಯಿದ್ದರೆ ದೇಹ ತೆಳ್ಳಗಾಗುತ್ತದೆ, ಆಗದಿದ್ದರೆ ಮನಸ್ಸು ಸಡಿಲ ಎಂದು ಅರ್ಥ. ಹೀಗೆ ಆರೋಗ್ಯದ ಮಾತು ಗೊತ್ತಿಲ್ಲದಂತೆ ಶೀಲದ ಮಾತಾಗುತ್ತದೆ. 'ಬಾಯಿಚಪಲ', 'ಸೋಮಾರಿತನ', 'ನಿಯಂತ್ರಣ' ಎಂಬ ಪದಗಳು ಸಾಲುಸಾಲಾಗಿ ಬರುತ್ತವೆ. ಬರಹದ ತಲೆಯ ಮೇಲೋ ಕೊನೆಯಲ್ಲೋ ಒಂದು ಗಾದೆ ತಪ್ಪದೆ ಇರುತ್ತದೆ: ಊಟ ಬಲ್ಲವನಿಗೆ ರೋಗವಿಲ್ಲ. ಗಾದೆ 'ಬಲ್ಲವನಿಗೆ' ಎನ್ನುತ್ತದೆ. ಅಡುಗೆ ಬಲ್ಲವಳ ಸುದ್ದಿ ಅದರಲ್ಲಿಲ್ಲ. ಊಟ ಬಲ್ಲವನು ತನ್ನ ಹಸಿವು ನೋಡಿ, ತನಗೆ ಬೇಕಾದ್ದು ಕೇಳಿ, ಸಾಕಾದಾಗ ಏಳಬಲ್ಲ. ಕೇಳುವ ಮತ್ತು ಏಳುವ ಸ್ವಾತಂತ್ರ್ಯ ಇದ್ದವನಿಗೆ ಆ ಗಾದೆ ನಿಜ.

ಇನ್ನು ದೇಹವನ್ನು ಹೆಸರಿಸುವ ಮಾತು. ಕನ್ನಡದಲ್ಲಿ ತೆಳ್ಳಗಾಗುವುದಕ್ಕೆ 'ಬಡವಾಗು' ಎನ್ನುತ್ತೇವೆ. ತವರಿಗೆ ಬಂದ ಮಗಳನ್ನು ತಾಯಿ 'ಯಾಕವ್ವ, ಭಾಳ ಬಡವಾಗೀಯಲ್ಲ' ಎಂದು ಕೇಳುತ್ತಾಳೆ. ನಮ್ಮ ಹಳೆಯ ಕಾವ್ಯಗಳ ಕವಿಗಳು ಹೆಣ್ಣಿನ ಸಣ್ಣ ಸೊಂಟವನ್ನು 'ಬಡನಡು' ಎಂದರು. ಅದೇ ಕವಿಗಳು ಉಳಿದ ಅಂಗಗಳನ್ನು ತುಂಬಿಸಿ ವರ್ಣಿಸಿದರು, ನಡುವೊಂದನ್ನು ಬಡತನಕ್ಕೆ ಬಿಟ್ಟರು. ಜನರ ಮಾತು ಆ ಕಡೆ ಹೋಗಲಿಲ್ಲ. 'ಮೈಕೈ ತುಂಬಿಕೊಂಡಾಳ' ಎಂಬುದು ನಮ್ಮ ಹಳ್ಳಿಗಳಲ್ಲಿ ಹೊಗಳಿಕೆ. ಆ ಹೊಗಳಿಕೆಗೆ ಕಾರಣವೂ ಇದೆ. ಬಳ್ಳಾರಿ ಸೀಮೆ ಬರದ ಸೀಮೆ. ಇಲ್ಲಿ ತುಂಬಿದ ಮೈ ಎಂದರೆ ಮನೆಯಲ್ಲಿ ಕಾಳಿದೆ, ಹೆಣ್ಣು ಉಂಡಿದ್ದಾಳೆ, ಹೆತ್ತ ಮಗು ಬದುಕುತ್ತದೆ ಎಂಬ ಸಾಕ್ಷಿ.

1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಬರಪರಿಹಾರದ ಖರ್ಚು ಇಳಿಸಲು ಸರ್ಕಾರ ಕಳಿಸಿದ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸು ಸಾಕೆಂದು ಗೊತ್ತುಮಾಡಿದ. ಪ್ರಾಂತ್ಯದ ಆರೋಗ್ಯ ಆಯುಕ್ತನಾಗಿದ್ದ ಕಾರ್ನಿಶ್ ಎಂಬ ವೈದ್ಯ ಇದರಿಂದ ಜನ ಸವೆದು ಸಾಯುತ್ತಾರೆಂದು ಪ್ರತಿಭಟಿಸಿದ. ಕೆಲವೇ ತಿಂಗಳಲ್ಲಿ ಪ್ರಮಾಣವನ್ನು ಹೆಚ್ಚಿಸಬೇಕಾಯಿತು. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ಅಷ್ಟು ಧಾನ್ಯದಲ್ಲಿ 1,500ರಿಂದ 1,600 ಕ್ಯಾಲರಿ ಇರುತ್ತದೆ. ನನ್ನ ಕೈಯಲ್ಲಿದ್ದ ಹಾಳೆಯ ಲೆಕ್ಕ ಅದಕ್ಕಿಂತ ಕಡಿಮೆ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ ಎನ್ನಬಹುದು. ಒಪ್ಪುತ್ತೇನೆ. ಆಗ ಜನ ಮೈಯಲ್ಲಿ ಏನೂ ಉಳಿಯದೆ ಕಲ್ಲು ಒಡೆಯುತ್ತಿದ್ದರು. ಈಗಿನ ರೋಗಿಯ ಮೈಯಲ್ಲಿ ಸಂಗ್ರಹ ಇದೆ. ವೈದ್ಯರ ಕಣ್ಣಳತೆಯಲ್ಲಿ, ಕೆಲವು ವಾರಗಳ ಮಟ್ಟಿಗೆ, ಕೆಲವರಿಗೆ ಇಂಥ ಪಥ್ಯ ಬೇಕಾಗಲೂಬಹುದು. ಆದರೆ ಹಾಳೆಯಲ್ಲಿ ವಾರಗಳ ಲೆಕ್ಕವಿರಲಿಲ್ಲ. ಆಕೆ ಏನು ಕೆಲಸ ಮಾಡುತ್ತಾಳೆಂದು ಯಾರೂ ಕೇಳಿರಲಿಲ್ಲ. ಆಕೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವವಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ ಸುಮಾರು 1,660 ಕ್ಯಾಲರಿ ಬೇಕು. ಮಧ್ಯಮ ದುಡಿಮೆಯವಳಿಗೆ 2,130. ಅರ್ಧದಷ್ಟು ತಿಂದು ಹೊಲಕ್ಕೆ ಹೋಗು ಎಂದರೆ ಎಷ್ಟು ದಿನ ನಡೆಯುತ್ತದೆ? ಹದಿನೈದು ದಿನ ಬಿಗಿಹಿಡಿದು, ಹದಿನಾರನೆಯ ದಿನ ತಲೆಸುತ್ತಿ, ಮತ್ತೆ ಅನ್ನಕ್ಕೆ ಮರಳುತ್ತಾಳೆ. ಇಳಿದ ತೂಕ ಮರಳಿ ಬರುತ್ತದೆ. ಜೊತೆಗೆ ತಾನು ಸೋತೆ ಎಂಬ ಭಾವ ಬರುತ್ತದೆ. ಬಾಳಿಕೆ ಬಾರದ ಪಥ್ಯ ಆರೋಗ್ಯಕರವಾಗಲು ಸಾಧ್ಯವಿಲ್ಲ.

ಈಗ ಆಕೆಗೆ ಹೇಳಿದ ಇನ್ನೊಂದು ಮಾತು ನೋಡೋಣ: ತೂಕ ಹೆಚ್ಚು, ರಕ್ತ ಕಡಿಮೆ. ಈ ಎರಡು ಹೇಗೆ ಒಂದೇ ಮೈಯಲ್ಲಿ ಇರುತ್ತವೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 30 ಮಂದಿ ತೂಕ ಹೆಚ್ಚಿದವರು, 17 ಮಂದಿ ತೂಕ ಸಾಲದವರು. ರಕ್ತಹೀನತೆ ಇರುವವರು ನೂರಕ್ಕೆ 47ಕ್ಕೂ ಹೆಚ್ಚು. ಬರೀ ತೆಳ್ಳಗಿರುವವರಿಂದ ಈ ಸಂಖ್ಯೆ ತುಂಬುವುದಿಲ್ಲ. ಮೈತುಂಬಿದ ಎಷ್ಟೋ ಹೆಂಗಸರ ರಕ್ತದಲ್ಲಿ ಕಬ್ಬಿಣ ಇಲ್ಲ. ಹೊಟ್ಟೆ ತುಂಬಿದೆ, ಊಟ ಆಗಿಲ್ಲ. ಇವರಿಗೆ ಕಡಿಮೆ ತಿನ್ನಿ ಎನ್ನುವುದು ಅರ್ಧ ಔಷಧ, ಅರ್ಧ ವಿಷ. ಇವರ ಊಟದಲ್ಲಿ ಕೆಲವು ಕಡಿಮೆಯಾಗಬೇಕು, ಹಲವು ಹೆಚ್ಚಾಗಬೇಕು.

ತೂಕವನ್ನು ಅಳೆಯುವ ಕೋಲಿನ ಕತೆಯೂ ಹೇಳಬೇಕು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಬಿಎಂಐ ಲೆಕ್ಕವನ್ನು 1830ರ ದಶಕದಲ್ಲಿ ಬೆಲ್ಜಿಯಂನ ಕೆಟ್ಲೆ ಎಂಬ ಸಂಖ್ಯಾಶಾಸ್ತ್ರಜ್ಞ ಮಾಡಿದ್ದು 'ಸರಾಸರಿ ಮನುಷ್ಯ'ನನ್ನು ಹುಡುಕಲು. ರೋಗ ಕಂಡುಹಿಡಿಯುವುದು ಅವನ ಉದ್ದೇಶವಾಗಿರಲಿಲ್ಲ. ಅದಕ್ಕೆ ಈಗಿನ ಹೆಸರು ಕೊಟ್ಟದ್ದು 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು. ಅವರು ಪರಿಶೀಲಿಸಿದ್ದು ಗಂಡಸರ ಮೈಗಳನ್ನು ಮಾತ್ರ. 2025ರ ಜನವರಿಯಲ್ಲಿ ಲಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ ಈ ಒಂದು ಸಂಖ್ಯೆಯಿಂದಲೇ ಬೊಜ್ಜಿನ ರೋಗವನ್ನು ನಿರ್ಧರಿಸಬಾರದು, ಸೊಂಟದ ಸುತ್ತಳತೆ ನೋಡಬೇಕು, ಅಂಗಾಂಗಗಳಿಗೆ ತೊಂದರೆ ಆಗಿದೆಯೇ ನೋಡಬೇಕು ಎಂದಿತು. ತೊಡೆ, ಪಿರ್ರೆಗಳಲ್ಲಿ ಸೇರಿದ ಕೊಬ್ಬು ಹೊಟ್ಟೆಯೊಳಗೆ ಸೇರಿದ ಕೊಬ್ಬಿನಷ್ಟು ಕೇಡು ಮಾಡುವುದಿಲ್ಲ. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕೆನ್ನುತ್ತಾರೆ. ಮೂವತ್ತೊಂದೂವರೆ ಇಂಚು. ಜೀನ್ಸ್ ಹೊಲಿದು ದೇಶಕ್ಕೆಲ್ಲ ಕಳಿಸುವ ಬಳ್ಳಾರಿಯಲ್ಲಿ ಈ ಅಳತೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ಪ್ಯಾಂಟುಗಳ ದಾರ ಕತ್ತರಿಸುತ್ತ, ಗುಂಡಿ ಹಾಕುತ್ತ ದಿನವಿಡೀ ಮನೆಯಲ್ಲಿ ಕೂರುವ ಹೆಂಗಸರ ಸೊಂಟದ ಅಳತೆಯನ್ನು ಮಾತ್ರ ಯಾರೂ ತೆಗೆದಿಲ್ಲ. ಅವರ ತಾಯಂದಿರು ಹೊಲದಲ್ಲಿ ಬಾಗಿ ದುಡಿದವರು. ಕೆಲಸ ಕೂರುವ ಕೆಲಸವಾಯಿತು, ಗಂಗಾಳ ಮಾತ್ರ ಹೊಲದ ಕೆಲಸದ್ದೇ ಉಳಿಯಿತು.

ಗಂಗಾಳದೊಳಗಿನದೂ ತಾನಾಗಿ ಬಂದದ್ದಲ್ಲ. ರೂಪನಗುಡಿ ಸುತ್ತಿನದು ಎರೆ ನೆಲ. ಹಿಂಗಾರಿ ಜೋಳ, ನವಣೆ, ಹತ್ತಿ, ಕಡಲೆ, ಕುಸುಬಿ ಇಲ್ಲಿನ ಬೆಳೆಗಳು. ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದಿ, ಬದುವಿನಲ್ಲಿ ಪುಂಡಿ. ಹೊಲದ ಸಾಲುಗಳೇ ಊಟದ ಪಟ್ಟಿಯಾಗಿದ್ದವು: ರೊಟ್ಟಿ, ಬ್ಯಾಳಿ, ಪಲ್ಯ, ಚಟ್ನಿಪುಡಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಬಂತು. ಹೆಚ್ಚು ಎಕರೆಗೆ ತೆಳುವಾಗಿ ನೀರು ಹಂಚಿ ಜೋಳ, ಹತ್ತಿ, ಶೇಂಗಾದಂಥ ಬೆಳೆಗಳನ್ನು ಬರದಿಂದ ಉಳಿಸಬೇಕೆಂಬುದು ಯೋಜನೆಯ ಮೂಲ ಉದ್ದೇಶ. ನಡೆದದ್ದು ಬೇರೆ. ನೀರು ಮೊದಲು ತಲುಪುವ ಕಡೆಗಳಲ್ಲಿ ಭತ್ತ ಬಂತು, ಸಿರುಗುಪ್ಪ ಅಕ್ಕಿ ಗಿರಣಿಗಳ ಊರಾಯಿತು. ನೀರು ಮುಟ್ಟದ ಎರೆ ನೆಲದವರ ಮನೆಗೂ ಅಕ್ಕಿ ಬಂತು, ಪಡಿತರದ ಅಂಗಡಿಯ ಮೂಲಕ. 2013ರ ಜುಲೈಯಲ್ಲಿ ಅನ್ನಭಾಗ್ಯ ಶುರುವಾಯಿತು. ಹಸಿವಿನಿಂದ ಮಲಗುತ್ತಿದ್ದ ಮನೆಗಳಲ್ಲಿ ಅದು ಮಾಡಿದ ಉಪಕಾರವನ್ನು ಅಲ್ಲಗಳೆಯುವವನು ಹಸಿವು ಕಂಡವನಲ್ಲ.

ಆದರೂ ಒಂದು ಲೆಕ್ಕ ಹಾಕೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿ 2,000 ಕ್ಯಾಲರಿಯ ಊಟಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಎನ್ನುತ್ತದೆ. ತಲೆಗೆ ತಿಂಗಳಿಗೆ 10 ಕೆಜಿ ಅಕ್ಕಿ ಎಂದರೆ ದಿನಕ್ಕೆ 333 ಗ್ರಾಂ. ಧಾನ್ಯ ಬೇಕಾದ್ದಕ್ಕಿಂತ ಹೆಚ್ಚಾಯಿತು. ದಿನಕ್ಕೆ 85 ಗ್ರಾಂ ಬೇಳೆ ಎಂದರೆ ಐದು ಜನರ ಮನೆಗೆ ತಿಂಗಳಿಗೆ ಹನ್ನೆರಡು ಕೆಜಿಗೂ ಮೀರಿ. ಅದನ್ನು ಕೂಲಿ ಹಣದಲ್ಲಿ ಕೊಳ್ಳಬೇಕು. ಪುಕ್ಕಟೆ ಸಿಗುವುದು ಗಂಗಾಳ ತುಂಬುತ್ತದೆ, ಕೊಳ್ಳಬೇಕಾದ್ದು ಅದರ ಅಂಚಿಗೆ ಸರಿಯುತ್ತದೆ. ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿದ್ದು ಈ ಲೆಕ್ಕ ಸರ್ಕಾರಕ್ಕೂ ಅರ್ಥವಾಗುತ್ತಿದೆ ಎಂಬುದರ ಗುರುತು. ಬೇಳೆಗೆ ಸ್ವಾಗತ. ಸಕ್ಕರೆಯ ಜಾಗದಲ್ಲಿ ಶೇಂಗಾ ಇದ್ದಿದ್ದರೆ ಇನ್ನೂ ಒಳ್ಳೆಯದಿತ್ತು.

ಇಲ್ಲಿಗೆ ಬಂದಾಗ ನಮ್ಮ ಸಾಂಸ್ಕೃತಿಕ ವಲಯದಲ್ಲಿ ಥಟ್ಟನೆ ಕೇಳಿಬರುವ ಉತ್ತರ 'ಅಜ್ಜಿಯ ಕಾಲದ ಊಟಕ್ಕೆ ಮರಳೋಣ' ಎಂಬುದು. ಭಾರತದ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಈ ಮಾತು ಇನ್ನಷ್ಟು ಜೋರಾಯಿತು. ಜೋಳದ ಗುಣ ಸುಳ್ಳಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ರೊಟ್ಟಿ ನಿಧಾನವಾಗಿ ಜೀರ್ಣವಾಗುತ್ತದೆ, ಬೇಗ ಹಸಿವಾಗುವುದಿಲ್ಲ. ನೆಲದ ದೃಷ್ಟಿಯಿಂದಲೂ ಜೋಳವೇ ವಿವೇಕ. ಭತ್ತಕ್ಕೆ ಜೋಳದ ಎರಡು ಪಟ್ಟಿಗೂ ಹೆಚ್ಚು ನೀರು ಬೇಕು. 133 ಟಿಎಂಸಿ ಹಿಡಿಯಬೇಕಾಗಿದ್ದ ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ನಿಲ್ಲುತ್ತದೆ. 2024ರ ಆಗಸ್ಟ್‌ನಲ್ಲಿ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ಈ ಸೀಮೆಯ ಅನ್ನ ಎಷ್ಟು ಸಣ್ಣ ಸರಪಳಿಗೆ ನೇತುಬಿದ್ದಿದೆ ಎಂಬುದನ್ನು ಎಲ್ಲರೂ ಕಂಡರು.

ಆದರೆ ಅಜ್ಜಿಯ ಕಾಲವನ್ನು ಹೊಗಳುವವರು ಎರಡು ಸಂಗತಿ ಮರೆಯುತ್ತಾರೆ. ಮೊದಲನೆಯದು, ಬರೀ ಜೋಳವನ್ನೇ ನಂಬಿ ಬದುಕಿದ ದಖ್ಖನದ ಬಡವರಲ್ಲಿ ಪೆಲ್ಲಾಗ್ರ ಎಂಬ ಕಾಯಿಲೆ ಇತ್ತು. ಬಿಸಿಲು ತಾಗಿದ ಚರ್ಮ ಕಪ್ಪಿಟ್ಟು ಬಿರಿಯುತ್ತಿತ್ತು, ಭೇದಿಯಾಗುತ್ತಿತ್ತು, ಬುದ್ಧಿ ಕಲಕುತ್ತಿತ್ತು. ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಇದಕ್ಕೆ ಜೋಳದಲ್ಲಿರುವ ಲ್ಯೂಸಿನ್ ಅಂಶದ ಕಾರಣ ಮುಂದಿಟ್ಟರು. ಅವರ ವಿವರಣೆಯ ಬಗ್ಗೆ ಮುಂದೆ ವಾದಗಳು ನಡೆದವು. ಆದರೆ ಒಂದೇ ಧಾನ್ಯದ ಮೇಲೆ ಬದುಕುವುದು ಬಡತನವೇ ಹೊರತು ಪರಂಪರೆಯಲ್ಲ ಎಂಬುದರಲ್ಲಿ ವಾದವಿಲ್ಲ. ಅಂದು ಬರೀ ಜೋಳ, ಇಂದು ಬರೀ ಅಕ್ಕಿ. ಎರಡೂ ಕಾಲದಲ್ಲಿ ಕಾಣೆಯಾದದ್ದು ಬೇಳೆ, ಸೊಪ್ಪು, ಹಾಲು, ಮೊಟ್ಟೆ, ಮಾಂಸ.

ಎರಡನೆಯದು ದುಡಿಮೆಯ ಮಾತು. ನವಣೆ ಕುಟ್ಟಿದವಳು, ಜೋಳ ಬೀಸಿದವಳು, ಒಲೆಯ ಮುಂದೆ ಕೂತು ಹತ್ತು ಜನಕ್ಕೆ ರೊಟ್ಟಿ ತಟ್ಟಿದವಳು ಹೆಂಗಸು. ಅಕ್ಕಿ ಆಕೆಯ ರಟ್ಟೆಗೆ ಬಿಡುಗಡೆ ಕೊಟ್ಟಿತು. ಕುಕ್ಕರಿನಲ್ಲಿ ಇಟ್ಟು ಕೂಲಿಗೆ ಹೋಗಬಹುದು. ರೊಟ್ಟಿಯ ಹಿರಿಮೆಯನ್ನು ವೇದಿಕೆಯ ಮೇಲೆ ಹಾಡುವ ಗಂಡಸರು ಮನೆಯಲ್ಲಿ ರೊಟ್ಟಿ ತಟ್ಟುತ್ತಾರೆಯೇ ಎಂದು ಕೇಳಬೇಕಾಗಿದೆ. ಸುಸ್ಥಿರ ಊಟ ಎಂಬುದು ಹೆಂಗಸನ್ನು ಮತ್ತೆ ಬೀಸುಕಲ್ಲಿಗೆ ಕಟ್ಟುವುದಾದರೆ ಅದು ನೆಲಕ್ಕೆ ಒಳಿತಾದೀತು, ಆಕೆಗಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಹೆಣ್ಣುಮಕ್ಕಳ ಗುಂಪುಗಳು ಖಡಕ್ ರೊಟ್ಟಿ ಮಾಡಿ ಮಾರುತ್ತಿವೆ. ಹೋಬಳಿಗೊಂದು ನವಣೆ ಸಿಪ್ಪೆ ತೆಗೆಯುವ ಗಿರಣಿ, ಊರಿಗೊಂದು ರೊಟ್ಟಿ ಮನೆ ಇದ್ದರೆ ಆ ಕೆಲಸ ಕೂಲಿಯಾಗುತ್ತದೆ, ಚಾಕರಿಯಾಗಿ ಉಳಿಯುವುದಿಲ್ಲ. ಪೇಟೆಯ ಬಣ್ಣದ ಪೊಟ್ಟಣದಲ್ಲಿ ಅಕ್ಕಿಯ ಎರಡು ಮೂರು ಪಟ್ಟು ಬೆಲೆಗೆ ಸಿಗುವ ನವಣೆ ಅದನ್ನು ಬೆಳೆದವಳ ಮನೆಗೇ ಬರದಿದ್ದರೆ ಯಾರ ಸಿರಿ ಅದು?

ನೆಲದಿಂದ, ಪಡಿತರದಿಂದ ಒಲೆಯ ತನಕ ಬಂದೆವು. ಹಾಳೆ ಬರೆದವರು ಕೇಳದ ಮುಖ್ಯ ಪ್ರಶ್ನೆ ಇರುವುದು ಒಲೆಯಿಂದ ಗಂಗಾಳದ ತನಕದ ಆರು ಅಡಿಯಲ್ಲಿ. ನಮ್ಮ ಮನೆಗಳಲ್ಲಿ ಗಂಡಸರು ಮೊದಲು ಉಣ್ಣುತ್ತಾರೆ, ಆಮೇಲೆ ಮಕ್ಕಳು, ಕೊನೆಗೆ ಹೆಂಗಸರು. ಹಿಂದೂ ಮನೆ, ಮುಸ್ಲಿಂ ಮನೆ ಎಂಬ ಭೇದ ಇದರಲ್ಲಿಲ್ಲ. ಬ್ಯಾಳಿಯ ಗಟ್ಟಿ, ಪಲ್ಯ, ಮೊಸರು, ಸಾಲನ್ನದ ತುಂಡು, ಮೊಟ್ಟೆ ಮೊದಲ ಪಂಕ್ತಿಗೆ ಮುಗಿಯುತ್ತವೆ. ಕೊನೆಗೆ ಉಣ್ಣುವವಳಿಗೆ ಉಳಿಯುವುದು ತಪ್ಪಲೆಯ ಅನ್ನ, ತೆಳುವಾದ ಸಾರು. ಹಸಿದಿದ್ದಾಳೆ, ಹೆಚ್ಚು ಅನ್ನ ಹಾಕಿಕೊಳ್ಳುತ್ತಾಳೆ. ಮಕ್ಕಳು ಬಿಟ್ಟದ್ದನ್ನು ಚೆಲ್ಲಲು ಮನಸ್ಸು ಬಾರದೆ ಅದನ್ನೂ ಉಣ್ಣುತ್ತಾಳೆ. ಮುಂಜಾನೆಯಿಂದ ಹೊಟ್ಟೆಗೆ ಚಹಾ ಬಿಟ್ಟರೆ ಏನೂ ಬಿದ್ದಿರುವುದಿಲ್ಲ. ನಾಲ್ಕು ಕಪ್ ಚಹಾ, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ. ಹೀಗೆ ಒಂದೇ ಸಾಲು ಆಕೆಯ ಮೈಗೆ ಕೊಬ್ಬನ್ನೂ ಕೊಡುತ್ತದೆ, ರಕ್ತವನ್ನೂ ಕಸಿಯುತ್ತದೆ. ಬಾಯಿಚಪಲ ಎಂದು ಅಂಕಣಗಳು ಬೈಯುವುದು ಬಹಳ ಸಲ ಈ ಕೊನೆಯ ಪಂಕ್ತಿಯ ಊಟವನ್ನು.

ಈ ಸಾಲು ಹುಟ್ಟುವ ಮೊದಲೇ ಶುರುವಾಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಶಿಶುಗಳ ತೂಕದ ದಾಖಲೆಗಳು ಉಳಿದಿದ್ದವು. ಸಂಶೋಧಕರು ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಹೃದಯರೋಗ ಹೆಚ್ಚಾಗಿ ಕಂಡಿತೆಂದು 1996ರಲ್ಲಿ ವರದಿ ಮಾಡಿದರು. ತಾಯಿಯ ಗಂಗಾಳದಲ್ಲಿ ಇಲ್ಲದ್ದು ಮಗಳ ಎದೆಯಲ್ಲಿ ಐವತ್ತು ವರ್ಷಗಳ ಮೇಲೆ ಕಾಣಿಸಿಕೊಳ್ಳುತ್ತದೆ. 2021ರ ಡಿಸೆಂಬರ್‌ನಲ್ಲಿ ಬಳ್ಳಾರಿಯೂ ಸೇರಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಮತ್ತು ವಿಜಯಪುರದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡತೊಡಗಿದಾಗ ಎದ್ದ ವಿರೋಧ ನಮಗೆ ನೆನಪಿದೆ. ಯಾದಗಿರಿಯಲ್ಲಿ ಮೊಟ್ಟೆ ತಿಂದ ಮಕ್ಕಳ, ಅದರಲ್ಲೂ ದೊಡ್ಡ ಹುಡುಗಿಯರ, ತೂಕ ಹೆಚ್ಚಿತೆಂದು ಅಧ್ಯಯನ ಹೇಳಿತು. ಸರ್ಕಾರ ಸಂತೋಷಪಟ್ಟಿತು, ಪಡಬೇಕಾದ್ದೇ. ಹದಿಮೂರರಲ್ಲಿ ತೂಕ ಹೆಚ್ಚಲೆಂದು ಮೊಟ್ಟೆ ಕೊಡುವ ವ್ಯವಸ್ಥೆ ಮೂವತ್ಮೂರರಲ್ಲಿ ಅದೇ ಹುಡುಗಿಗೆ ತೂಕದ ಹೆಸರಲ್ಲಿ ನಾಚಿಕೆ ಕೊಡುತ್ತದೆ. ನಡುವಿನ ಇಪ್ಪತ್ತು ವರ್ಷ ಆಕೆ ಏನು ಉಂಡಳೆಂದು ಯಾರೂ ವಿಚಾರಿಸುವುದಿಲ್ಲ.

ಇದಕ್ಕೆ ಎದುರಾಗಿ ಈಚೆಗೆ ಪೇಟೆಯ ಬರಹಗಳಲ್ಲಿ ಇನ್ನೊಂದು ದನಿ ಕೇಳುತ್ತದೆ: ಮೈ ಹೇಗಿದೆಯೋ ಹಾಗೆಯೇ ಚೆಂದ, ಯಾರ ಮಾತೂ ಕೇಳಬೇಡಿ. ಚೆಂದದ ಮಟ್ಟಿಗೆ ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ದಪ್ಪ ಹೆಂಗಸನ್ನು ನಗಿಸುವ ಪಾತ್ರಕ್ಕೆ ಕಟ್ಟಿಹಾಕಿದ ನಮ್ಮ ಸಿನೆಮಾಗಳಿಗೆ ಇದು ತಕ್ಕ ಉತ್ತರ. ಉಮಾದೇವಿ ಎಂಬ ಒಳ್ಳೆಯ ಗಾಯಕಿಯನ್ನು ಹಿಂದಿ ಸಿನೆಮಾ 'ಟುನ್‌ಟುನ್' ಮಾಡಿ, ಆಕೆಯ ಕಂಠ ಮರೆಸಿ ಮೈಯನ್ನು ಮಾತ್ರ ನೆನಪಿಟ್ಟಿತು. ಆದರೆ ಮಂಡಿನೋವು, ಬಿಪಿ, ಬಸುರಿಯಲ್ಲಿ ಬರುವ ಸಕ್ಕರೆ ಕಾಯಿಲೆ ಇವು ಯಾರ ಕುಹಕವೂ ಅಲ್ಲ. ಮೈಯನ್ನು ಗೌರವಿಸುವುದೆಂದರೆ ಅದರ ನೋವನ್ನು ಕೇಳುವುದೂ ಹೌದು. ತೆಳ್ಳಗಾಗು ಎನ್ನುವವರೂ ಹಾಗೇ ಇರು ಎನ್ನುವವರೂ ನೋಡುತ್ತಿರುವುದು ಮೈಯನ್ನು. ಗಂಗಾಳದ ಕಡೆ ಇಬ್ಬರೂ ತಿರುಗಿಲ್ಲ.

ಗಂಗಾಳದ ಕಡೆ ನೋಡಿದ ಒಂದು ಕೆಲಸದ ಉದಾಹರಣೆ ಇದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರನ್ನು ಮೂರು ವರ್ಷ ಹಿಂಬಾಲಿಸಿ ಚೆನ್ನೈನ ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟದ ಕ್ರಮ ತಿದ್ದಿಕೊಂಡು, ದಿನಾ ನಡೆದಾಡಿದವರಲ್ಲಿ ಕಾಯಿಲೆ ಬರುವ ಸಂಭವ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು. ಗಮನಿಸಬೇಕಾದ್ದು, ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ. ತಕ್ಕಡಿಯ ಮುಳ್ಳು ಕದಲದಿದ್ದರೂ ಒಳಗಿನ ಕೆಲಸ ನಡೆದಿತ್ತು. ತೂಕವೊಂದನ್ನೇ ಗುರಿಯಾಗಿಟ್ಟಿದ್ದರೆ ಅವರೆಲ್ಲ ಸೋತವರ ಪಟ್ಟಿಯಲ್ಲಿರುತ್ತಿದ್ದರು, ನಡುವೆಯೇ ಬಿಟ್ಟುಬಿಡುತ್ತಿದ್ದರು.

ಹಾಗಾದರೆ ಆ ಹಾಳೆಯಲ್ಲಿ ಏನಿರಬೇಕಾಗಿತ್ತು? ಮೊದಲು ಕನ್ನಡದಲ್ಲಿರಬೇಕಾಗಿತ್ತು. ಆಮೇಲೆ ರೂಪನಗುಡಿಯ ಒಲೆಯ ಮೇಲೆ ಆಗುವಂಥದು. ಮುಂಜಾನೆ ಕೆಲಸಕ್ಕೆ ಹೋಗುವ ಮೊದಲು ಏನಾದರೂ ತಿನ್ನು, ಚಹಾ ಎರಡಕ್ಕೆ ಇಳಿಸು, ಊಟದ ಜೊತೆಗೆ ಕುಡಿಯಬೇಡ, ಅದು ಅನ್ನದಲ್ಲಿ ಇದ್ದಬದ್ದ ಕಬ್ಬಿಣವನ್ನೂ ಮೈಗೆ ಹತ್ತಗೊಡುವುದಿಲ್ಲ. ಒಂದು ಹೊತ್ತು ಜೋಳದ ರೊಟ್ಟಿ, ಇನ್ನೊಂದು ಹೊತ್ತು ಅನ್ನವಿರಲಿ. ಅನ್ನ ಬಿಡುವುದು ಬೇಡ, ಅರ್ಧಕ್ಕೆ ಇಳಿಸಿ ಆ ಜಾಗಕ್ಕೆ ಗಟ್ಟಿ ಬ್ಯಾಳಿ, ಹೆಸರುಕಾಳು, ಅಲಸಂದಿ ಹಾಕು. ಪುಂಡಿಪಲ್ಯ ಮಾಡು. ಗಡಿಯಾಚೆಯವರು ಇದನ್ನೇ ಗೋಂಗೂರ ಎನ್ನುತ್ತಾರೆ, ದಖನಿ ಮಾತಾಡುವ ಮನೆಗಳಲ್ಲಿ ಇದು ಅಂಬಾಡಾ. ಮೂರು ಭಾಷೆಯ ಅಡುಗೆಮನೆಗಳು ಒಪ್ಪಿಕೊಂಡ ಈ ಸೊಪ್ಪನ್ನು ಯಾವ ಡಯಟ್ ಹಾಳೆಯೂ ಕಂಡಿಲ್ಲ. ಅಗಸಿ, ಗುರೆಳ್ಳು, ಶೇಂಗಾ ಚಟ್ನಿಪುಡಿ ಒಂದೊಂದು ಚಮಚ, ಒಂದು ಬಟ್ಟಲು ಮೊಸರು, ಹಸಿ ಉಳ್ಳಾಗಡ್ಡಿ, ಲಿಂಬೆ. ತಿನ್ನುವ ಮನೆಯಾದರೆ ದಿನಕ್ಕೊಂದು ಮೊಟ್ಟೆ. ವಾರದಲ್ಲಿ ಒಂದು ದಿನ ಮಾಂಸ ಮಾಡಿದಾಗ ಸಾರಿನ ಜೊತೆ ತುಂಡೂ ನಿನ್ನ ಗಂಗಾಳಕ್ಕೆ ಬರಲಿ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಬಳ್ಳಾರಿಯವರ ಹಕ್ಕು, ಅದನ್ನು ಸಂತೆಯ ದಿನಕ್ಕೆ ಇಟ್ಟುಕೋ. ಬಿರಿಯಾನಿ ಉಣ್ಣುವ ದಾವತ್ತಿನ ಮರುದಿನ ಉಪವಾಸ ಬೀಳಬೇಡ. ರಂಜಾನಿನಲ್ಲಿ ದಿನವಿಡೀ ಬರಿಹೊಟ್ಟೆಯಲ್ಲಿದ್ದು ಇಫ್ತಾರಿಗೆ ಕರಿದದ್ದರಿಂದಲೇ ಶುರುಮಾಡಿದರೆ ಸಕ್ಕರೆ ಏರುತ್ತದೆ, ಖರ್ಜೂರ ಒಂದೆರಡು, ನೀರು, ಹಣ್ಣು, ಆಮೇಲೆ ಊಟ. ಸಹರಿಯಲ್ಲಿ ಬರೀ ಚಹಾ ಕುಡಿದು ಮಲಗದೆ ರೊಟ್ಟಿ, ಮೊಸರು ತಿಂದರೆ ಮಧ್ಯಾಹ್ನಕ್ಕೆ ನಿಶ್ಶಕ್ತಿ ಆಗುವುದಿಲ್ಲ.

ನಡೆದಾಡು ಎಂದು ಹಾಳೆಗಳು ಸುಲಭವಾಗಿ ಹೇಳುತ್ತವೆ. ಕಾರಣವಿಲ್ಲದೆ ರಸ್ತೆಯಲ್ಲಿ ನಡೆಯುವ ಹೆಂಗಸನ್ನು ಊರು ಹೇಗೆ ನೋಡುತ್ತದೆ ಎಂಬುದು ಬುರ್ಖಾ ತೊಟ್ಟವಳಿಗೂ ಸೆರಗು ಹೊದ್ದವಳಿಗೂ ಗೊತ್ತು. ಕೂತು ದಾರ ಕತ್ತರಿಸುವವಳಿಗೆ ಸಂಜೆ ನಾಲ್ಕು ಜನ ಜೊತೆಯಾಗಿ ಊರಾಚೆಯ ತನಕ ಹೋಗಿಬರುವ ವಾಡಿಕೆ ಬೆಳೆದರೆ ಅದಕ್ಕಿಂತ ಅಗ್ಗದ ಔಷಧ ಇಲ್ಲ. ಹಾಳೆ ಅದನ್ನು ಗಂಡನಿಗೂ ಅತ್ತೆಗೂ ಹೇಳಬೇಕು.

ಮುಖ್ಯವಾಗಿ ಹಾಳೆ ಮನೆಯನ್ನು ಉದ್ದೇಶಿಸಿ ಮಾತಾಡಬೇಕು. ಮೇಲೆ ಹೇಳಿದ್ದರಲ್ಲಿ ಒಂದನ್ನೂ ಆಕೆ ಒಬ್ಬಳೇ ಮಾಡಿಕೊಂಡು ಕೂತು ತಿನ್ನಬೇಕಾಗಿಲ್ಲ, ಮನೆಮಂದಿಯೆಲ್ಲ ಉಣ್ಣಬಹುದಾದ ಊಟ ಅದು. ಗಂಡನಿಗೂ ಮಗನಿಗೂ ಅದರಿಂದ ಒಳ್ಳೆಯದೇ. ಬದಲಾಗಬೇಕಾದ್ದು ಬಡಿಸುವ ಸಾಲು. ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು, ಅದಾಗದಿದ್ದರೆ ಆಕೆಯ ಪಾಲಿನ ಬೇಳೆ, ಪಲ್ಯ, ಮೊಟ್ಟೆಯನ್ನು ಮೊದಲೇ ತೆಗೆದಿಡಬೇಕು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಕೂತು ಉಣ್ಣುವ ಮಾತೃಪೂರ್ಣ ಯೋಜನೆ 2017ರಲ್ಲಿ ರಾಜ್ಯವೆಲ್ಲ ಬಂದಾಗ ಅದರ ಹಿಂದಿದ್ದ ತಿಳಿವಳಿಕೆಯೂ ಇದೇ: ಮನೆಗೆ ಕೊಟ್ಟ ಪಡಿ ಆಕೆಯ ಹೊಟ್ಟೆಗೆ ಹೋಗುವುದಿಲ್ಲ. ಬಸುರಿಯಲ್ಲಿ ಒಪ್ಪಿಕೊಂಡ ಈ ಸತ್ಯವನ್ನು ಆಕೆ ಹೆತ್ತು ಮುಗಿಸಿದ ಮೇಲೂ ಒಪ್ಪಬೇಕಲ್ಲವೇ?

ಅಂದು ದವಾಖಾನೆಯ ಬೆಂಚಿನ ಮೇಲೆ ನಾನು ಇಷ್ಟೆಲ್ಲ ಹೇಳಲಿಲ್ಲ. ಹಾಳೆಯ ಹಿಂಬದಿಯಲ್ಲಿ ಕನ್ನಡದಲ್ಲಿ ಐದಾರು ಸಾಲು ಬರೆದುಕೊಟ್ಟೆ. ವೈದ್ಯರು ಕೊಟ್ಟ ರಕ್ತದ ಗುಳಿಗೆ ಬಿಡಬೇಡ, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸು ಎಂದೆ. ಆಕೆಗೆ ಓದು ಬರುತ್ತಿರಲಿಲ್ಲ. ಮಗಳು ಎಂಟನೇ ಇಯತ್ತೆಯಲ್ಲಿದ್ದಾಳೆ, ಆಕೆ ಓದುತ್ತಾಳೆ ಎಂದಳು. ಮಡಚಿ ಕುಪ್ಪಸದಲ್ಲಿ ಇಟ್ಟುಕೊಳ್ಳುತ್ತ, 'ಮೊದ್ಲು ನನ್ನ ಪಾಲು ತಗದಿಡು ಅಂತ ಬರ್ದೀರಲ್ಲ, ಅದನ್ನ ಅವರಪ್ಪನ ಮುಂದ ಜೋರಾಗಿ ಓದಸ್ತೀನಿ' ಎಂದಳು. ಬಸ್ಸಿನ ಹೊತ್ತಾಗಿತ್ತು, ಎದ್ದು ಹೋದಳು.